ಮೆಟಡಾರ್‌ಗೆ ತೆಳು ಎಣ್ಣೆ

"ಮತ್ತೆ ಎಣ್ಣೆನಾ? ಮೊನ್ನೆ ತಾನೇ ತಗೊಂಡು ಹೋದ್ರಲ್ಲ!"

ಹಲಸೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಿಂತು ನಿಂತು ತೇಜಶ್ರೀಯ ಕಾಲು ಸೋತಿದ್ದವು. ಅಪ್ಪ ಅಂಜನಮೂರ್ತಿಗೆ ಲಕ್ವ ಹೊಡೆದ ಮೇಲೆ ಅಂಗಡಿಯ ಹೊಣೆಯೂ ಅವಳದೇ, ಅದರ ಹಿಂದಿನ ಮನೆಯ ಹೊಣೆಯೂ ಅವಳದೇ. ಅವಳ ಮದುವೆಯ ಮಾತೆತ್ತುತ್ತಿದ್ದ ನೆಂಟರೂ ಈಗ ಸುಮ್ಮನಾಗಿದ್ದರು.

ಎದುರಿಗಿದ್ದವನು ಶಿವಪುತ್ರ. ಕಲಬುರಗಿ ಕಡೆಯವನು, ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ಗಾರ್ಮೆಂಟ್ಸ್ ಹೆಂಗಸರನ್ನು ಹಳೆಯ ಬಿಳಿ ಮೆಟಡಾರ್ ವ್ಯಾನ್‌ನಲ್ಲಿ ಕೆಲಸಕ್ಕೆ ಬಿಟ್ಟು ಬರುವುದು ಅವನ ದುಡಿಮೆ.

"ಗಾಡಿ ಎಣ್ಣಿ ಕುಡೀಲಾಕತ್ತದ್ರೀ," ಎಂದು ನಕ್ಕ. ಕಣ್ಣು ನಿದ್ದೆಗೆಟ್ಟಿದ್ದವು.

"ಎಷ್ಟು ದಿನ ಅಂತ ದಪ್ಪ ಎಣ್ಣೆ ಸುರೀತೀರಿ? ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸ್ರೀ. ಇಂಥ ಜಿಪುಣತನ ನಾನು ನೋಡಿಲ್ಲಪ್ಪ!"

ಸುಸ್ತಿನಲ್ಲಿ ಮಾತು ಒರಟಾಯಿತು. ಅವನ ಮುಖ ಬಾಡಿತು. ಡಬ್ಬ ಎತ್ತಿಕೊಂಡು ಹೋದವನು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಬಿಳಿ ವ್ಯಾನ್ ಕಂಡಾಗಲೆಲ್ಲ ತೇಜಶ್ರೀ ಕತ್ತು ಚಾಚಿ ನೋಡುತ್ತಿದ್ದಳು, ಆಮೇಲೆ ತನ್ನ ಮೇಲೇ ಸಿಡುಕುತ್ತಿದ್ದಳು.

ಒಂದು ಸಂಜೆ ಎಂದಿನ ಹೊಗೆಯೇ ಇಲ್ಲದೆ ಬಂದು ನಿಂತಿತು ಆ ಮೆಟಡಾರ್.

"ಎಂಜಿನ್ ಬಿಚ್ಚಿಸಿ ಬೋರ್ ಮಾಡಿಸ್ದೆ, ಪಿಸ್ಟನ್ನೂ ಹೊಸಾದು," ಎಂದ ಶಿವಪುತ್ರ. ಇನ್ನಷ್ಟು ಸೊರಗಿದ್ದ. "ಈಗ ಯಾವ ಎಣ್ಣಿ ಹಾಕ್ಲಿ?"

ರೂಢಿಯಂತೆ ದಪ್ಪ ಎಣ್ಣೆಯ ಟ್ವೆಂಟಿ ಫಿಫ್ಟಿ ಡಬ್ಬದತ್ತ ಹೋದ ಅವಳ ಕೈ ನಡುವೆಯೇ ನಿಂತಿತು.

"ದಪ್ಪದ್ದು ಇನ್ನು ಬೇಡ. ಸವೆದ ಎಂಜಿನ್‌ನಲ್ಲಿ ಸಂದು ಜಾಸ್ತಿ, ಅಲ್ಲಿಗೆ ಅದು ಸರಿ. ಈಗ ಎಲ್ಲಾ ಟೈಟಾಗಿದೆ. ಬೆಳಗಿನ ಚಳೀಲಿ ಸ್ಟಾರ್ಟ್ ಮಾಡಿದ್ರೆ ದಪ್ಪ ಎಣ್ಣೆ ಮೇಲೆ ಹತ್ತೋಕೆ ತಡ ಆಗುತ್ತೆ. ಫಿಫ್ಟೀನ್ ಫಾರ್ಟಿ ಹಾಕಿ."

ತೆಳು ಎಣ್ಣೆಯ ಡಬ್ಬ ಇಟ್ಟಳು. ದನಿ ತಗ್ಗಿತು.

"ಇನ್ನು ತಿಂಗಳುಗಟ್ಟಲೆ ಈ ಕಡೆ ಬರೋ ಕೆಲಸಾನೇ ಇರಲ್ಲ ನಿಮಗೆ."

"ಅದಕ್ಕೇ ಇಷ್ಟು ದಿನ ಬಿಚ್ಚಿಸಿರ್ಲಿಲ್ರೀ," ಎಂದ ಅವನು, ಡಬ್ಬದ ಮುಚ್ಚಳ ಸವರುತ್ತ.

ತೇಜಶ್ರೀ ದಿಟ್ಟಿಸಿದಳು. "ಹುಚ್ಚಾ ನಿಮಗೆ?"

"ಇರ್ಬೇಕು. ದಿನಾ ದಣಿದಿರ್ತೀನಿ. ನೀವು ಬೈದ್ರ ಮನೀಗೆ ಬಂದಂಗ ಆಗ್ತದ. ಎಣ್ಣಿ ಬ್ಯಾಡಾದ್ರೂ ಬರ್ಲೇನು?"

ತೇಜಶ್ರೀ ಕೌಂಟರಿನ ಹಲಗೆ ಎತ್ತಿ ದಾರಿ ಬಿಟ್ಟಳು.

"ಒಳಗೆ ಬಂದು ಕೂತ್ಕೊಳ್ಳಿ. ಕಾಫಿ ಮಾಡ್ತೀನಿ."

ಹಿಂದಿನ ಕೋಣೆಯಿಂದ ಅಪ್ಪ ತೊದಲಿದರು. "ಯಾರಮ್ಮಾ? ಗಿರಾಕೀನಾ?"

"ಅಲ್ಲಪ್ಪಾ," ಎಂದಳು ತೇಜಶ್ರೀ. "ನಮ್ಮವರೇ."