ಹಾಲಿಗೆ ಪಾಲು ಅಂದವಳು

ಬಾಗಿಲಲ್ಲಿ ನಿಂತವನನ್ನು ಕಂಡು ನರಸಿಂಹಮ್ಮ ಕೈಯ ಕೆಲಸ ಬಿಟ್ಟು ಎದ್ದಳು.

ಗಂಡ ತಿಮ್ಮರಾಯಪ್ಪ! ಹೊಳವನಹಳ್ಳಿಯಿಂದ ಹೊರಟು, ಯುದ್ಧಕಾಲದ, ಇದ್ದಲಿನಿಂದ ಓಡುವ ಬಸ್ಸು ಹತ್ತಿ, ಪಾವಗಡದಿಂದ ಈ ಕ್ಯಾತಗಾನಚೆರ್ಲಿಗೆ ನಡೆದೇ ಬಂದಿದ್ದ. ಮುಖವೆಲ್ಲ ಮಸಿ.

'ಈಗ ನೆನಪಾದೆನಾ...' ಎಂದು ಕೇಳಬೇಕೆನ್ನಿಸಿತು. ಕೇಳದೆ ಚೊಂಬಿನಲ್ಲಿ ನೀರು ತಂದಿಟ್ಟಳು.

ಆಷಾಢಕ್ಕೆಂದು ತವರಿಗೆ ಬಂದವಳು ಅವಳು. ದೀಪಾವಳಿ ಕಳೆದರೂ ಗಂಡನ ಮನೆಯಿಂದ ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಬೇಡವಾದೆನೇನೋ ಎಂದು ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದಳು.

ಅವಳ ಮನೆಮಾತು ತೆಲುಗು. ಗಂಡನ ಮನೆಯಲ್ಲಿ ಅದು ಯಾರಿಗೂ ಬಾರದು. ಹೊಸದರಲ್ಲಿ, "ಪಾಲು ಕೊಡಿ ಅತ್ತೆ, ಕಾಯಿಸ್ತೀನಿ" ಎಂದು ಹಾಲು ಕೇಳಿದ್ದಕ್ಕೆ ಮನೆಮಂದಿಯೆಲ್ಲ ನಕ್ಕಿದ್ದರು.

"ಬಂದು ವಾರ ಆಗಿಲ್ಲ, ಆಗ್ಲೇ ಆಸ್ತೀಲಿ ಪಾಲು ಕೇಳ್ತಾವ್ಳೆ ನೋಡ್ರವ್ವಾ" ಎಂದಿದ್ದಳು ಓರಗಿತ್ತಿ.

ಆಮೇಲೆ ಅವಳು ಬಾಯಿ ಬಿಟ್ಟಿದ್ದೇ ಅಪರೂಪ. ತುಂಬಿದ ಮನೆಯಲ್ಲಿ ಅವಳೊಬ್ಬಳು ಒಂಟಿ.

ನಗದೆ ಉಳಿದವನು ತಿಮ್ಮರಾಯಪ್ಪ ಮಾತ್ರ. ಹಿತ್ತಿಲಲ್ಲಿ ಮೆಲ್ಲಗೆ ಹೇಳಿದ್ದ: "ಬೇಜಾರಾಗಬ್ಯಾಡ ಬುಡು. ಹಳೇ ಕಾಲ್ದಲ್ಲಿ ನಮ್ಮೋರೂ ಹಾಲಿಗೆ ಪಾಲ್ ಅಂತಲೇ ಅಂತಿದ್ರಂತೆ, ಮೇಷ್ಟ್ರು ಹೇಳವ್ರೆ. ನಾವು ಬದಲಾಯಿಸ್ಕಂಡ್ವಿ, ನೀವು ಅಂಗೇ ಉಳಿಸ್ಕಂಡ್ರಿ. ಭಾಗದ ಪಾಲು ಇದಲ್ಲ, ಅದರ ಹುಟ್ಟೇ ಬ್ಯಾರೆ."

ಅಂದೇ ಅವಳು ಅವನಿಗೆ ಮನಸ್ಸು ಕೊಟ್ಟಿದ್ದಳು. ಅದಕ್ಕೇ ಈ ಕಾಯುವಿಕೆ ಅಷ್ಟು ಸುಟ್ಟಿತ್ತು.

"ಇಷ್ಟು ದಿನ ಯಾಕೆ ಬರಲಿಲ್ಲ?" ಕೊನೆಗೂ ಕೇಳಿದಳು.

ಅವನು ಬೆಪ್ಪಾದ. "ನಾನೆಂಗೆ ಬರೋದು? ನಮ್ಮಲ್ಲಿ ಹೆಣ್ಣಿನ ಅಣ್ಣನೇ ಕರ್ಕಂಡ್ಬಂದು ಬುಡ್ಬೇಕು. ನಿಮ್ಮಣ್ಣನ ದಾರಿ ನೋಡಿ ನೋಡಿ... ಬರಾಕೆ ನಿಂಗೇ ಮನಸ್ಸಿಲ್ಲ ಅಂದ್ಕಂಡಿದ್ದೆ."

"ಅಯ್ಯೋ ದೇವುಡಾ... ನಮ್ಮ ಕಡೆ ಗಂಡನೇ ಬಂದು ಕರೀಬೇಕು. ನಾವಾಗಿ ಕಳಿಸಿದ್ರೆ ಹುಡುಗಿಗೆ ಬೆಲೆ ಇಲ್ಲ ಅಂತಾರೆ."

ಎರಡು ಮನೆಯವರೂ ಮರ್ಯಾದೆ ಕಾಯುತ್ತ ಕೂತಿದ್ದರು. ನಡುವೆ ಬೆಂದವರು ಇವರಿಬ್ಬರು.

"ಮತ್ತೆ ಈಗ ಹೆಂಗೆ ಬಂದ್ರಿ?"

"ತಡೀನಾರದೆ ಬಂದ್ಬುಟ್ಟೆ. ಹೆಂಡ್ತಿ ಹಿಂದೆ ಓಡ್ದ ಅಂತ ಊರು ನಗ್ತೈತೆ."

"ನಾನು ಬಾಯಿ ಬಿಟ್ರೂ ನಗ್ತಾರೆ..." ಅವಳ ಕಣ್ಣು ತುಂಬಿತು. "ಅಲ್ಲಿ ನಾನೊಬ್ಳೇ ಆಗೋಗ್ತೀನಿ."

"ನಗ್ಲಿ ಬುಡು. ಇನ್ಮೇಕೆ ಇಬ್ರುನ್ನೂ ನೋಡಿ ನಗ್ಬೇಕಾಗ್ತದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಅದೇ ಸೆರಗನ್ನು ಅವನ ಮುಖದ ಮಸಿಗೆ ಚಾಚಿದಳು.

"ಅಮ್ಮ ಎಲೆ ಹಾಕ್ತಾಳೆ... ಉಂಡು ಹೊರಡೋಣ. ಬಸ್ಸಿಗೆ ಹೊತ್ತಾಗುತ್ತೆ."