ಅಮ್ಮನ ಕಲ್ಲು, ಬಡಗಿಯ ಹಲಗೆ

"ಇದು ನಿಮ್ಮದಾ?"

ಬಾಗಿಲು ತೆಗೆದವಳು ಹಾಗೇ ನಿಂತುಬಿಟ್ಟಳು. ಎದುರಿಗೆ ತೊಯ್ದು ತೊಪ್ಪೆಯಾದ ಒಬ್ಬ ಯುವಕ. ತಲೆಗೂದಲಿಗೆಲ್ಲ ಮರದ ಹೊಟ್ಟು ಅಂಟಿದೆ. ಕೈಯಲ್ಲೊಂದು ಬಕೆಟ್. ಬಕೆಟ್‌ನೊಳಗೆ... ಅವಳ ಕಿತ್ತಳೆ ಮೀನು!

"ಅಯ್ಯೋ! ಇದು ನಿಮಗೆಲ್ಲಿ ಸಿಕ್ತು?"

"ನನ್ನ ಹಲಗೆಗಳ ಮಧ್ಯೆ. ನಿಮ್ಮ ಹಿತ್ತಲ ಕೊಳ ಉಕ್ಕಿ ನನ್ನ ಅಂಗಡಿಗೇ ಬಂದಿದೆ ಮೇಡಂ. ಮೇಜಿಗೆ ಅಂತ ಇಟ್ಟಿದ್ದ ಮರ ಎಲ್ಲ ನೆನೆದು ಹೋಯ್ತು. ಮೀನು ಮಾತ್ರ ಆರಾಮಾಗಿದೆ!"

ಓ, ಹಿಂದಿನ ಗೋಡೆಯಾಚೆ ಬಂದಿರುವ ಹೊಸ ಬಡಗಿ ಇವನೇ! ತಪ್ಪಾಯ್ತು ಅನ್ನಬೇಕು ತಾನೇ? ಅವಳ ಬಾಯಿಂದ ಬಂದದ್ದೇ ಬೇರೆ.

"ಮಳೆ ಏನು ನಾನು ಸುರಿಸಿದ್ದಾ?"

ಎಂಥ ಮಾತು ನೋಡಿ! ಅದಕ್ಕೇ ಅಪ್ಪ ಅವಳನ್ನು 'ಸೂಜಿ' ಎಂದು ಕರೆಯುವುದು. ಹೊಲಿಯುವುದು ಅವಳ ಕಸುಬು, ಚುಚ್ಚುವುದು ಹುಟ್ಟುಗುಣ.

ಅವನು ಬಕೆಟ್ ಕೆಳಗಿಟ್ಟು, "ಮೀನು ಹೆದರಿದೆ, ಮೆಲ್ಲಗೆ ಬಿಡಿ" ಎಂದು ಹೊರಟುಹೋದ. ಛೆ, ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಆ ಕೊಳ ಅವಳ ಅಮ್ಮ ತೋಡಿದ್ದು, ತೀರಿಹೋಗುವ ಹಿಂದಿನ ವರ್ಷ. ಗೋಡೆಯ ಕಡೆಯ ಅಂಚಿನಲ್ಲಿ ಒಂದು ಚಪ್ಪಟೆ ಕಲ್ಲಿದೆ. ಅಮ್ಮ ಅದರ ಮೇಲೆ ಕೂತು, ನೀರಿಗೆ ಕಾಲು ಇಳಿಬಿಟ್ಟು, ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದಳು. ಈಗಲೂ ಮನಸ್ಸು ಭಾರವಾದಾಗ ಸೂಜಿ ಬಂದು ಕೂರುವುದು ಅಲ್ಲೇ.

ಮರುದಿನವೇ ಅವಳು ಬಡಗಿಯ ಗೋಡೆಯ ಕಡೆ ಎರಡು ಸಾಲು ಇಟ್ಟಿಗೆ ಜೋಡಿಸಿದಳು. ಹರಿದಲ್ಲಿ ತೇಪೆ ಹಾಕುವುದು ದರ್ಜಿಯ ಬುದ್ಧಿಯಲ್ಲವೇ! ಮುಂದಿನ ಮಳೆಗೆ ನೀರು ಆ ಕಡೆ ಹೋಗಲಿಲ್ಲ ನಿಜ. ತಿರುಗಿ ಸೀದಾ ಅಪ್ಪನ ಕೋಣೆಗೆ ನುಗ್ಗಿತು.

ಅಪ್ಪ ಮಂಚದ ಮೇಲೆ ಕಾಲು ಮಡಚಿ ಕೂತಿದ್ದರು.

"ಸೂಜಿ, ನಾನೇನು ಮೀನಾ?"

ಅವಳಿಗೆ ನಗು ಬಂತು. ಅಪ್ಪನ ಮುಖ ನೋಡಿ ನಗು ನಿಂತಿತು.

"ಇನ್ನೊಂದು ಸಲ ನೀರು ಒಳಗೆ ಬಂದ್ರೆ ಕೊಳಕ್ಕೆ ಮಣ್ಣು ತುಂಬಿಸಿಬಿಡ್ತೀನಿ. ನಂಗೂ ಅವಳ ನೆನಪಿದೆ ಕಣೇ... ಆದ್ರೆ ಗೋಡೆ ಕುಸಿದ್ರೆ ಎಲ್ಲಿಗೆ ಹೋಗೋಣ?"

ಕೊಳ ಮುಚ್ಚಿದರೆ ಅಮ್ಮನನ್ನು ಎರಡನೇ ಸಲ ಕಳೆದುಕೊಂಡ ಹಾಗೆ! ಬೇರೆ ದಾರಿಯಿರಲಿಲ್ಲ. ಮಾನ ಮರ್ಯಾದೆ ಬದಿಗಿಟ್ಟು ಬಡಗಿಯ ಅಂಗಡಿಗೆ ಹೋದಳು.

ಬಂದವನು ಇಟ್ಟಿಗೆ ನೋಡಿ ನಕ್ಕ. "ನೀರಿಗೆ ತೇಪೆ ಹಾಕಿದ್ರೆ ನಿಲ್ಲುತ್ತಾ? ಮೊದಲು ಅಂಚು ಸುತ್ತ ಒಂದೇ ಮಟ್ಟಕ್ಕೆ ಬರಬೇಕು. ಆಮೇಲೆ ಒಂದು ಕಡೆ ಮಾತ್ರ ಎರಡು ಬೆರಳು ತಗ್ಗು. ಅಲ್ಲಿಂದ ಅದಕ್ಕೆ ದಾರಿ."

ಗಾಜಿನಂತೆ ಒಳಗೆಲ್ಲ ಕಾಣುವ ಉದ್ದನೆಯ ಪೈಪಿಗೆ ನೀರು ತುಂಬಿ ಒಂದು ತುದಿ ಅವಳಿಗೆ ಕೊಟ್ಟ. ಎರಡೂ ತುದಿಯಲ್ಲಿ ನೀರು ನಿಲ್ಲುವ ಎತ್ತರ ನೋಡಿ ಅಂಚಿನ ಕಲ್ಲು ಕೂರಿಸಬೇಕು.

"ಅಲ್ಲಾಡಬೇಡಿ. ನೀವು ಅಲ್ಲಾಡಿದ್ರೆ ಇಲ್ಲಿ ನೀರು ಅಲ್ಲಾಡುತ್ತೆ."

"ನಾನೆಲ್ಲಿ ಅಲ್ಲಾಡಿದೆ?"

ಪೈಪಿನ ನೀರು ಕುಣಿಯುತ್ತಿತ್ತು ಕಣ್ರೀ! ಯಾಕೆ ಅಂತ ಅವಳಿಗೂ ಗೊತ್ತಿತ್ತು. ಒಪ್ಪಿಕೊಳ್ಳಬೇಕಲ್ಲ?

ಮೂರು ಸಂಜೆ ಹೀಗೇ ಕಳೆಯಿತು. ಕಿಟಕಿಯಿಂದ ಅಪ್ಪನ ದನಿ ಬಂತು. "ಇನ್ನೂ ಮಟ್ಟ ಸಿಕ್ಕಿಲ್ವೇನ್ರಪ್ಪಾ?"

ಇಬ್ಬರ ಮುಖವೂ ಕೆಂಪಾಯಿತು.

ನಾಲ್ಕನೇ ದಿನ ಅವಳು ಹೊಲಿದ ಬಟ್ಟೆ ಕೊಟ್ಟು ಮನೆಗೆ ಬಂದರೆ... ಅಮ್ಮನ ಕಲ್ಲು ಕಿತ್ತು ಬಿದ್ದಿದೆ! ಪಕ್ಕದಲ್ಲಿ ಹಾರೆ ಹಿಡಿದ ಬಡಗಿ.

"ಯಾರನ್ನ ಕೇಳಿ ತೆಗೆದ್ರಿ? ಅದು ನಮ್ಮಮ್ಮ ಕೂರ್ತಿದ್ದ ಕಲ್ಲು!"

"ಮೋಡ ಕಟ್ಟಿತ್ತು, ಅದಕ್ಕೇ..."

"ಹೋಗಿ ಇಲ್ಲಿಂದ! ಇನ್ಮೇಲೆ ಈ ಕಡೆ ತಲೆ ಹಾಕಬೇಡಿ!"

ಅವನ ಮುಖ ಚಿಕ್ಕದಾಯಿತು. ಹಾರೆ ಅಲ್ಲೇ ಇಟ್ಟು ತಲೆ ತಗ್ಗಿಸಿ ಹೋದ. ಅವಳು ಅಳುತ್ತಲೇ ಕಲ್ಲನ್ನು ಹಳೇ ಜಾಗಕ್ಕೆ ತಳ್ಳಿ, ಸುತ್ತ ಜೇಡಿಮಣ್ಣು ಮೆತ್ತಿದಳು. ಮೋಡವೂ ಸುರಿಯದೆ ಚದುರಿತು.

'ನಂಬಿದ್ದಕ್ಕೆ ಸರಿಯಾಯ್ತು ನಂಗೆ...'

ಆದರೆ ಮುಂದಿನ ಎರಡು ದಿನವೂ ಗೋಡೆಯಾಚೆಯಿಂದ ಮರ ಉಜ್ಜುವ ಸದ್ದು ಬರುತ್ತಿತ್ತು. ಕೇಳಬಾರದು ಅಂದುಕೊಂಡಷ್ಟೂ ಕಿವಿ ಅತ್ತಲೇ ಹೋಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ ಮಳೆ ಶುರುವಾಯಿತು. ಅಬ್ಬಾ, ಎಂಥ ಮಳೆ! ಕೊಳ ತುಂಬಿತು. ಅಂಚು ಸುತ್ತಲೂ ಒಂದೇ ಮಟ್ಟ, ತಗ್ಗು ಎಲ್ಲೂ ಇಲ್ಲ. ನೀರು ಎಲ್ಲ ಕಡೆಯಿಂದಲೂ ಚೆಲ್ಲಿ, ಅಪ್ಪನ ಹೊಸಿಲಿಗೆ ಇನ್ನು ಒಂದೇ ಗೇಣು ಎಂಬಲ್ಲಿಗೆ ಬಂತು. ಅಪ್ಪ ಬಾಗಿಲಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು.

ಬಡಗಿ ತಗ್ಗು ಮಾಡಹೊರಟಿದ್ದು ಅಮ್ಮನ ಕಲ್ಲಿನ ಜಾಗದಲ್ಲೇ ಎಂದು ಹೊಳೆದು ಅವಳು ಹಾರೆ ಎತ್ತಿಕೊಂಡಳು.

"ಅಮ್ಮಾ, ತಪ್ಪು ತಿಳ್ಕೋಬೇಡ..."

ಹಲ್ಲು ಕಚ್ಚಿ ಮೀಟಿದಳು. ಕಲ್ಲು ಉರುಳಿತು. ನೀರು ಸರ್ರನೆ ಆ ತಗ್ಗಿಗೆ ತಿರುಗಿ ಕೆಳಗಿಳಿಯಿತು. ಅಲ್ಲಿ ಬೆಣಚುಕಲ್ಲು ಹಾಸಿದ ಪುಟ್ಟ ಕಾಲುವೆ! ಅವತ್ತು ಸಿಟ್ಟಿನಲ್ಲಿ ಇದು ಅವಳ ಕಣ್ಣಿಗೇ ಬಿದ್ದಿರಲಿಲ್ಲ. ಕಾಲುವೆ ಗೋಡೆಯ ಬುಡದವರೆಗೂ ಹೋಗಿತ್ತು. ಅಲ್ಲೊಂದು ಇಟ್ಟಿಗೆ ತೆಗೆದು ಕಿಂಡಿ ಮಾಡಿತ್ತು.

ಕಿಂಡಿಯಾಚೆ ಅವನ ಅಂಗಡಿ!

"ಅಯ್ಯಯ್ಯೋ, ಅವರ ಮರ!"

ಬದಿಗೆ ಕಿತ್ತಿಟ್ಟಿದ್ದ ಇಟ್ಟಿಗೆ ರಾಶಿ ಹತ್ತಿ ಗೋಡೆಯಾಚೆ ಇಣುಕಿದಳು. ಹಲಗೆಗಳೆಲ್ಲ ಎತ್ತರದ ಅಟ್ಟಣಿಗೆಯ ಮೇಲೆ ನೆನೆಯದೆ ಒಣಗಿಯೇ ಇದ್ದವು. ಅಂಗಳದಲ್ಲಿ ಹೊಸದಾಗಿ ತೋಡಿದ ಹೊಂಡ. ನೀರೆಲ್ಲ ಅದಕ್ಕೇ ಬೀಳುತ್ತಿತ್ತು. ಅಲ್ಲಿಂದ ಚರಂಡಿಗೆ ಒಂದು ಪೈಪು. ಸೂರಿನ ಕೆಳಗೆ ಅವನು ನಿಂತಿದ್ದ.

"ಬರ್ಲಿ ಬಿಡಿ. ನೀರು ಈ ಕಡೆಗೇ ಬರ್ಲಿ ಅಂತ ಮಾಡಿದ್ದು."

"ನೀರು ಬಂತು ಅಂತ ಜಗಳಕ್ಕೆ ಬಂದವರು ನೀವೇ ಅಲ್ವಾ?"

"ಅವತ್ತು ನೀವು ಯಾರು ಅಂತ ಗೊತ್ತಿರಲಿಲ್ಲ."

ಅವಳು ಗೋಡೆಯ ಮೇಲೆ ಇನ್ನಷ್ಟು ಬಾಗಿದಳು. "ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿಮಗೆ?"

"ಅಮ್ಮನ ಕಲ್ಲು ಅಂದ್ರಲ್ಲ... ಆಮೇಲೆ ಮಾತಾಡೋಕೆ ಮುಖ ಇರಲಿಲ್ಲ. ಕೇಳದೆ ತೆಗೆದಿದ್ದು ನನ್ನ ತಪ್ಪೇ."

"ಕೇಳಿಸಿಕೊಳ್ಳದೆ ಓಡಿಸಿದ್ದು ನನ್ನ ತಪ್ಪು..." ಅಂದವಳ ಕಣ್ಣೀರು ಮಳೆಯಲ್ಲಿ ಬೆರೆತುಹೋಯಿತು.

ಹಿಂದಿನಿಂದ ಅಪ್ಪ ಕೂಗಿದರು. "ಸೂಜಿ, ಕೋಣೆ ಒಣಗಿಯೇ ಇದೆ! ಮಣ್ಣಿನ ಗಾಡಿ ಬೇಡ ಅಂತ ಹೇಳಿಬಿಡ್ಲಾ?"

ಮಳೆ ನಿಂತ ಮೇಲೆ ಅವನು ಬಂದ. ಹೆಗಲ ಮೇಲೆ ನಾಲ್ಕು ಕಾಲಿನ ಬೆಂಚು. ಅರ್ಧಕ್ಕೆ ನಯವಾದ ಹಲಗೆ, ಇನ್ನರ್ಧ ಬರೀ ಚೌಕಟ್ಟು.

"ಇದೇನು ಅರ್ಧಂಬರ್ಧ?"

"ಖಾಲಿ ಜಾಗಕ್ಕೆ ಅಮ್ಮನ ಕಲ್ಲು. ಕೊಳದ ಪಕ್ಕದಲ್ಲೇ ಇರುತ್ತೆ. ಅದು ನಿಮ್ಮ ಜಾಗ."

ಎರಡು ದಿನ ಕೇಳಿದ ಸದ್ದು ಇದರದೇ! ಅವಳು ಹಲಗೆಯ ಮೇಲೆ ಬೆರಳಾಡಿಸಿದಳು.

"ಮತ್ತೆ ಈ ಹಲಗೆ?"

ಅವನ ಕಿವಿ ಕೆಂಪಾಯಿತು. "ಅದು... ನೀವು ಒಪ್ಪಿದ್ರೆ ನಂದು. ನೀವಂದ್ರೆ ನಂಗೆ ತುಂಬಾ ಇಷ್ಟ. ಈ ಸಲ ಕೇಳಿಯೇ ಮುಂದುವರೀತೀನಿ."

ಸೂಜಿ ಬಗ್ಗಿ ಕಲ್ಲಿನ ಒಂದು ಬದಿ ಹಿಡಿದಳು. ಅವನು ಇನ್ನೊಂದು ಬದಿ ಹಿಡಿದ. ಇಬ್ಬರೂ ಸೇರಿ ಚೌಕಟ್ಟಿಗೆ ಕೂರಿಸಿದರು. ಅವಳು ಕಲ್ಲಿನ ಮೇಲೆ ಕೂತಳು. ಅವನು ಹಲಗೆಯ ತುತ್ತತುದಿಯಲ್ಲಿ.

"ಮಟ್ಟ ಸರಿ ಇದೆಯಾ?" ಮೆಲ್ಲಗೆ ಕೇಳಿದ.

"ಇಲ್ಲ... ಒಂಚೂರು ಈ ಕಡೆ ಸರಿದು ಕೂತ್ಕೊಳ್ಳಿ."

"ಈಗ?"

"ಇನ್ನೊಂಚೂರು..."