ಲಾಯರಮ್ಮನ ಗಾಳದ ಕೋಲು

“ಇನ್ನೊಂದ್ಸಲ ಬಗ್ಗಿಸಿ ತೋರಿಸಿ ಅಂಕಲ್,” ಎಂದಳು ಲಾಯರಮ್ಮ.

ಅಂಗಡಿಯವರು ಗಾಳದ ಕೋಲನ್ನು ಇನ್ನೊಂದು ಸಲ ಬಗ್ಗಿಸಿ ತೋರಿಸಿದರು. ಮೊದಲನೆಯ ಕೋಲು ಬಗ್ಗಿಸುವಾಗ ಅವರ ಮುಖದಲ್ಲಿ ನಗುವಿತ್ತು. ಈಗ ಗೋಡೆಯ ಗಡಿಯಾರ ನೋಡುತ್ತಾ ಬಗ್ಗಿಸುತ್ತಿದ್ದರು.

ಐದನೆಯ ಕ್ಲಾಸಿನ ಹುಡುಗಿಗೆ ಮನೆಯಲ್ಲಿ ಲಾಯರಮ್ಮ ಎಂದು ಏಕೆ ಹೆಸರಿಟ್ಟರು ಎಂದು ಅವಳನ್ನು ಮಾತ್ರ ಕೇಳಬೇಡಿ. ಕೇಳಿದರೆ ಉತ್ತರ ಕೊಡಲು ಕೂತುಬಿಡುತ್ತಾಳೆ. ಆಮೇಲೆ ನೀವು ಮನೆಗೆ ಹೋದ ಹಾಗೆಯೇ.

ಅವಳು ಇದುವರೆಗೆ ಒಂದು ಮೀನನ್ನೂ ಹಿಡಿದವಳಲ್ಲ. ಆದರೆ ಬಾಸ್ ಮೀನು ಹಿಡಿಯುವ ವಿಡಿಯೊಗಳನ್ನು ಒಂದೂ ಬಿಡದೆ ನೋಡಿದ್ದಳು. ಬಾಸ್ ಎಂದರೆ ದೊಡ್ಡ ಬಾಯಿಯ ಜಗಮೊಂಡ ಮೀನು. ಅದಕ್ಕೆ ಕೋಲು ಎಷ್ಟು ಬಳುಕಬೇಕು, ದಾರ ಸುತ್ತುವ ರೀಲಿನೊಳಗೆ ಬೇರಿಂಗ್ ಏಕಿರಬೇಕು, ಎಲ್ಲವೂ ಅವಳಿಗೆ ಬಾಯಿಪಾಠ.

ದುಬಾರಿ ರಾಡುಗಳು ಗಾಜಿನ ಕಪಾಟಿನಲ್ಲಿದ್ದವು. ಅಗ್ಗದವು ಬಾಗಿಲ ಪಕ್ಕದ ಬಕೆಟ್ಟಿನಲ್ಲಿ ಪೊರಕೆಗಳ ಹಾಗೆ ನಿಂತಿದ್ದವು. ಲಾಯರಮ್ಮನ ವ್ಯವಹಾರವೆಲ್ಲ ಬಕೆಟ್ಟಿನ ಜೊತೆಗೇ. ಎಷ್ಟರೊಳಗೆ ಕೊಳ್ಳಬೇಕೆಂದು ತೀರ್ಪು ಕೊಟ್ಟವಳು ಅಮ್ಮ, ಆ ಕೋರ್ಟಿನಲ್ಲಿ ಅಪೀಲು ಇರಲಿಲ್ಲ.

ಅಪ್ಪ ಸಿಟಿ ಬಸ್ಸಿನ ಡ್ರೈವರ್. ಅವನಿಗೆ ಮೀನು ಗೊತ್ತಿಲ್ಲ, ಗಾಡಿ ಗೊತ್ತು. ಒಂದೊಂದೇ ರೀಲನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಹಿಡಿ ತಿರುಗಿಸಿ ಸದ್ದು ಕೇಳುತ್ತಿದ್ದ. ಇದರ ಗೇರ್ ಸರಿಯಿಲ್ಲ ಎಂದು ಒಂದನ್ನು ಪಕ್ಕಕ್ಕಿಟ್ಟ. ಮೀನು ಜೋರಾಗಿ ಜಗ್ಗಿದರೆ ದಾರ ಹರಿಯದಂತೆ ಅಷ್ಟಷ್ಟೇ ಬಿಟ್ಟುಕೊಡಲು ರೀಲಿನಲ್ಲಿ ಒಂದು ತಿರುಪು ಇರುತ್ತದೆ, ಅದಕ್ಕೆ ಡ್ರ್ಯಾಗ್ ಎನ್ನುತ್ತಾರೆ ಎಂದು ಮಗಳು ಪಾಠ ಮಾಡಿದಳು.

“ಬ್ರೇಕ್ ಅನ್ನು, ಸಾಕು,” ಎಂದ ಅಪ್ಪ.

ಹೀಗೆ ಒಬ್ಬಳು ವಿಡಿಯೊ ಪ್ರಕಾರ, ಒಬ್ಬ ಬಸ್ಸಿನ ಪ್ರಕಾರ ಪರೀಕ್ಷೆ ಮಾಡಿ ಮಾಡಿ, ಕೊನೆಗೆ ಎರಡು ತುಂಡಾಗಿ ಬಿಚ್ಚಬಹುದಾದ ಒಂದು ಹಸಿರು ರಾಡನ್ನೂ ಕರಿಯ ರೀಲನ್ನೂ ಪಾಸು ಮಾಡಿದರು. ಮತ್ತೇನಾದರೂ ಬೇಕೇ ಎಂದು ಅಂಗಡಿಯವರು ಕೇಳಿದರು. ಏನೂ ಬೇಡ, ನಾವು ಎಲ್ಲ ತಿಳ್ಕೊಂಡೇ ಬಂದಿದೀವಿ ಎಂದು ಲಾಯರಮ್ಮ ರಾಡು ಹಿಡಿದು ಠೀವಿಯಿಂದ ಹೊರಗೆ ನಡೆದಳು. ಅಪ್ಪ ದುಡ್ಡು ಕೊಟ್ಟು ಸ್ವಲ್ಪ ತಡವಾಗಿ ಬಂದ.

ಇವರ ಮನೆಯ ಮೇಲಿನ ಮಹಡಿಯಲ್ಲಿ ದೊಡ್ಡಪ್ಪನ ಮಗನಿದ್ದ. ಅವನ ರಾಡು ಗಾಜಿನ ಕಪಾಟಿನ ಜಾತಿಯದು. ಇವರ ರಾಡು ನೋಡಿ, “ಮೀನು ಸೀನಿದ್ರೆ ಮುರಿದುಹೋಗುತ್ತೆ,” ಎಂದುಬಿಟ್ಟ. ಲಾಯರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಸಂಜೆಯೆಲ್ಲ ಕಾರಿಡಾರಿನಲ್ಲಿ ಎಸೆಯುವ ಅಭ್ಯಾಸ ನಡೆಯಿತು. ದಾರದ ತುದಿಗೆ ಭಾರ ಬೇಕೆಂದು ಅಪ್ಪನ ಟೂಲ್ ಬಾಕ್ಸಿನಿಂದ ಒಂದು ದಪ್ಪ ನಟ್ಟು ತಂದು ಕಟ್ಟಿದಳು. ಅದು ಎದುರುಮನೆಯ ಬಾಗಿಲಿಗೆ ಠಣ್ಣೆಂದು ಬಡಿದಾಗಲೆಲ್ಲ ಆ ಮನೆಯ ಅಜ್ಜಿ ಬಾಗಿಲು ತೆರೆದು ಯಾರೆಂದು ಕೇಳುತ್ತಿದ್ದರು.

ಮಾರನೆಯ ದಿನ ಭಾನುವಾರ. ಅದೊಂದೇ ಭಾನುವಾರ ಉಳಿದದ್ದು. ಸೋಮವಾರದಿಂದ ಅಪ್ಪನಿಗೆ ನೈಟ್ ಡ್ಯೂಟಿ, ವಾರದ ರಜೆಯೂ ಬುಧವಾರಕ್ಕೆ ಬಿದ್ದಿತ್ತು. ಇನ್ನು ಮೇಲೆ ಅವನು ಮನೆಗೆ ಬರುವಾಗ ಇವಳು ಸ್ಕೂಲಿಗೆ ಹೊರಟಿರುತ್ತಾಳೆ. ಇವಳು ಬರುವಾಗ ಅವನು ಡಿಪೋಗೆ ಹೊರಟಿರುತ್ತಾನೆ.

ಮಲಗುವ ಮೊದಲು ಲಾಯರಮ್ಮ ತನ್ನ ಪ್ಲ್ಯಾನ್ ಹೇಳಿದಳು. “ಒಂದು ಮೀನು ಬಿದ್ರೆ ಸಾಕಪ್ಪಾ. ತಕ್ಷಣ ಮನೆಗೆ ವಾಪಸ್. ಬಿಸಿಬಿಸಿಯಾಗಿ ಮೇಲಿನ ಮನೆ ಅಣ್ಣನಿಗೆ ತೋರಿಸ್ಬೇಕು.”

“ಒಂದೇ ಸಾಕಾ?” ಎಂದು ಕೇಳಿದ ಅಪ್ಪ.

“ಒಂದೇ ಸಾಕು.”

ಭಾನುವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಅಲ್ಲಲ್ಲಿ ಜನ ಗಾಳ ಹಾಕಿ ಕೂತಿದ್ದರು. ಅಪ್ಪ ಜಾಕೆಟ್ ಬಿಚ್ಚಿ ಕಲ್ಲಿನ ಮೇಲಿಟ್ಟ. ಲಾಯರಮ್ಮ ರಾಡು ಜೋಡಿಸಿದಳು, ರೀಲು ಸಿಕ್ಕಿಸಿದಳು, ಬ್ರೇಕ್ ಬಿಗಿ ಮಾಡಿದಳು. ರಾಡಿನ ಜೊತೆ ಪುಕ್ಕಟೆಯಾಗಿ ಬಂದ ರಬ್ಬರ್ ಹುಳುವನ್ನು ಕೈಗೆತ್ತಿಕೊಂಡು ದಾರದ ತುದಿ ನೋಡಿದಳು. ಅಲ್ಲಿ ನಟ್ಟು ತೂಗಾಡುತ್ತಿತ್ತು.

ಅವಳು ಹುಳುವನ್ನು ನೋಡಿದಳು, ನಟ್ಟನ್ನು ನೋಡಿದಳು.

“ಅಪ್ಪಾ, ಹುಕ್ಕು?”

ಬೇರಿಂಗ್ ನೋಡಿದ್ದರು, ಗೇರ್ ನೋಡಿದ್ದರು, ಬಳುಕು ನೋಡಿದ್ದರು. ಮೀನು ಕಚ್ಚಬೇಕಾದ ಕೊಕ್ಕೆಯನ್ನು ಮಾತ್ರ ಯಾರೂ ನೋಡಿರಲಿಲ್ಲ. ಭಾನುವಾರ ಅಂಗಡಿಗೂ ರಜೆ. ಲಾಯರಮ್ಮನ ಕಣ್ಣಲ್ಲಿ ನೀರು ತುಂಬಿಕೊಂಡಿತು. ಪಕ್ಕದವರ ಹತ್ತಿರ ಒಂದು ಕೇಳಲೇ ಎಂದಳು. ಬೇಡ ಮಾರಾಯ್ತಿ, ಮಾನ ಹೋಗುತ್ತೆ ಎಂದ ಅಪ್ಪ.

“ನಟ್ಟೇ ಇರ್ಲಿ. ಯಾರು ದೂರ ಎಸೀತಾರೆ ನೋಡೋಣ,” ಎಂದು ಅವನೇ ಸೇರಿಸಿದ.

ಮೊದಮೊದಲು ಅವಳು ಮುಖ ಊದಿಸಿಕೊಂಡೇ ಎಸೆದಳು. ನಟ್ಟು ಬುಳಕ್ಕೆಂದು ಮುಳುಗುತ್ತಿತ್ತು, ಸುತ್ತಿದರೆ ವಾಪಸ್ ಬರುತ್ತಿತ್ತು. ಅಪ್ಪ ಎಸೆದಾಗ ಅದು ಹಿಂದಿನ ಪೊದೆಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸುತ್ತಾ ಅವನು, ಬಸ್ಸು ಓಡಿಸಿದ ಮೊದಲ ದಿನ ಕಂಡಕ್ಟರನ್ನು ಸ್ಟಾಪಿನಲ್ಲೇ ಬಿಟ್ಟು ಹೋದ ಕತೆ ಹೇಳಿದ. ಈ ಕತೆ ಅವಳು ಕೇಳೇ ಇರಲಿಲ್ಲ. ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡಳು.

ಬಕೆಟ್ ಹಿಡಿದು ಹೋಗುತ್ತಿದ್ದ ಒಬ್ಬರು ನಿಂತು, ಏನಾದರೂ ಬಿತ್ತೇ ಎಂದು ಕೇಳಿದರು.

“ಇವತ್ತು ಯಾಕೋ ಕಚ್ತಾನೇ ಇಲ್ಲ,” ಎಂದ ಅಪ್ಪ ಬಹಳ ಗಂಭೀರವಾಗಿ.

ಬಿಸಿಲು ಇಳಿಯಿತು. ಗಾಳಿಗೆ ಜಾಕೆಟ್ ಕಲ್ಲಿನಿಂದ ಜಾರಿ ಬಿತ್ತು. ಲಾಯರಮ್ಮ ಎತ್ತಿಕೊಂಡಾಗ ಜೇಬಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಪ್ಯಾಕೆಟ್ ಕೆಳಗೆ ಬಿತ್ತು. ಅದರ ಮೇಲೆ ಅದೇ ಅಂಗಡಿಯ ಚೀಟಿ. ಒಳಗೆ ಹೊಳೆಯುವ ಹೊಸ ಕೊಕ್ಕೆಗಳು.

ಅಪ್ಪ ಆ ಕಡೆ ಮುಖ ಮಾಡಿ ದಾರ ಸುತ್ತುತ್ತಿದ್ದ.

ಅವಳ ನಾಲಿಗೆಯ ತುದಿಗೆ ಪ್ರಶ್ನೆಗಳು ಸಾಲಾಗಿ ಬಂದು ನಿಂತವು. ಹಾಗಾದರೆ ಬೆಳಗಿನಿಂದ ಏಕೆ ಹೇಳಲಿಲ್ಲ? ಅಷ್ಟರಲ್ಲಿ ರಾತ್ರಿಯ ಮಾತು ನೆನಪಾಯಿತು. ಒಂದೇ ಸಾಕಾ ಎಂದು ಅಪ್ಪ ಕೇಳಿದ್ದ.

ಲಾಯರಮ್ಮ ಪ್ಯಾಕೆಟ್ಟನ್ನು ಜೇಬಿನೊಳಗೆ ಮೆಲ್ಲಗೆ ಇಟ್ಟು ಗುಂಡಿ ಹಾಕಿದಳು.

“ಕತ್ತಲಾಗ್ತಾ ಬಂತು ಕಣೇ, ಹೊರಡೋಣ್ವಾ?” ಎಂದ ಅಪ್ಪ.

ಅವಳು ಅವನ ಕೈಯಿಂದ ರಾಡು ತೆಗೆದುಕೊಂಡು ನಟ್ಟನ್ನು ಆದಷ್ಟೂ ದೂರಕ್ಕೆ ಎಸೆದಳು.

“ಇನ್ನೂ ಒಂದೂ ಬಿದ್ದಿಲ್ವಲ್ಲಪ್ಪಾ,” ಎಂದಳು. “ಬಿದ್ಮೇಲೆ ಹೋಗೋಣ.”